ಹಿಮ್ಮಡಿಯ ರಕ್ತ, ಕಾಗದದ ವೃತ್ತ: ನವಜಾತ ಶಿಶುವಿನ ಸ್ಕ್ರೀನಿಂಗ್ ಕಾರ್ಡ್ ಕೆಡದಂತೆ ತುಂಬುವುದು ಹೇಗೆ

ಪಿಕೆಯು (ಫಿನೈಲ್‌ಕೀಟೋನ್ಯೂರಿಯಾ) ಎಂಬ ಹುಟ್ಟಿನಿಂದಲೇ ಬರುವ ರೋಗ ಇರುವ ಮಗು ಹುಟ್ಟಿದಾಗ ಬೇರೆ ಮಕ್ಕಳಂತೆಯೇ ಇರುತ್ತದೆ. ಹಾಲು ಕುಡಿಯತೊಡಗಿದ ಮೇಲೆ ರಕ್ತದಲ್ಲಿ ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲ ಏರುತ್ತಾ ಹೋಗುತ್ತದೆ. ಲಕ್ಷಣ ಕಣ್ಣಿಗೆ ಬೀಳುವ ಹೊತ್ತಿಗೆ ಮಿದುಳಿಗೆ ಹಾನಿ ಆಗಿಬಿಟ್ಟಿರುತ್ತದೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಗತ್ರೀ ಅವರು ಫಿಲ್ಟರ್ ಕಾಗದದ ಮೇಲೆ ಒಣಗಿಸಿದ ರಕ್ತದಲ್ಲೇ ಇದನ್ನು ಪತ್ತೆಹಚ್ಚುವ ದಾರಿ ತೋರಿಸಿದರು. ಅವರ ಬ್ಯಾಕ್ಟೀರಿಯಾ ಪರೀಕ್ಷೆಯ ಜಾಗಕ್ಕೆ ಈಗ ಅಣುಗಳನ್ನು ತೂಕದಿಂದ ಗುರುತಿಸುವ ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ಬಂದಿದೆ, ಕಾಗದ ಮಾತ್ರ ಸ್ಕ್ರೀನಿಂಗ್ ಕಾರ್ಡಾಗಿ ಉಳಿದಿದೆ. ಯಂತ್ರ ಎಷ್ಟೇ ಸೂಕ್ಷ್ಮವಾಗಿದ್ದರೂ ತಪ್ಪಾಗಿ ಬಿದ್ದ ಹನಿಯನ್ನು ಸರಿಪಡಿಸಲಾರದು.

ರಕ್ತ ತೆಗೆಯಲು ಸಾಮಾನ್ಯವಾಗಿ ಹುಟ್ಟಿದ 24ರಿಂದ 72 ಗಂಟೆಯೊಳಗಿನ ಸಮಯ ಸೂಕ್ತ. ಅದಕ್ಕೂ ಮೊದಲೇ ತೆಗೆದರೆ ಅಮೈನೋ ಆಮ್ಲಗಳು ಇನ್ನೂ ಏರಿರುವುದಿಲ್ಲ, ರೋಗ ಕೈತಪ್ಪಬಹುದು. ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಟಿಎಸ್‌ಎಚ್ ಹಾರ್ಮೋನು ಮಾತ್ರ ಹುಟ್ಟಿದ ಹೊಸತರಲ್ಲಿ ಸಹಜವಾಗಿಯೇ ಹೆಚ್ಚಿದ್ದು, ಇಲ್ಲದ ಥೈರಾಯ್ಡ್ ತೊಂದರೆ ಇದೆಯೆಂದು ತೋರಿಸುತ್ತದೆ. ಮಗುವಿಗೆ ರಕ್ತ ಕೊಡಬೇಕಾಗಿದ್ದರೆ ಎಷ್ಟೇ ಬೇಗವಾದರೂ ಸರಿ, ಕೊಡುವ ಮುನ್ನವೇ ಒಂದು ಕಾರ್ಡ್ ತುಂಬಿಡಿ. ದಾನಿಯ ಕೆಂಪುಕಣಗಳು ಗ್ಯಾಲಕ್ಟೋಸೀಮಿಯಾದಂಥ (ಹಾಲಿನ ಸಕ್ಕರೆಯ ಅಂಶವನ್ನು ದೇಹ ಅರಗಿಸಲಾಗದ) ರೋಗವನ್ನು ವಾರಗಟ್ಟಲೆ ಮುಚ್ಚಿಡಬಲ್ಲವು.

ಬೆಚ್ಚಗಿನ ಬಟ್ಟೆಯನ್ನು 3ರಿಂದ 5 ನಿಮಿಷ ಹಿಮ್ಮಡಿಗೆ ಸುತ್ತಿ. ಅದರ ಬಿಸಿ 42 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಕಾಲು ಎದೆಮಟ್ಟಕ್ಕಿಂತ ಕೆಳಗಿರಲಿ. 70% ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಅದು ತಾನಾಗಿ ಪೂರ್ತಿ ಆರುವವರೆಗೆ ಕಾಯಿರಿ. ಚುಚ್ಚಬೇಕಾದ್ದು ಅಂಗಾಲಿನ ಹಿಂಭಾಗದ ಎರಡು ಅಂಚುಗಳಲ್ಲಿ, ನಡುವೆ ಅಲ್ಲ. ನಡುವೆ ಮೂಳೆ ಚರ್ಮಕ್ಕೆ ತೀರಾ ಹತ್ತಿರ. ಲ್ಯಾನ್ಸೆಟ್ (ಚುಚ್ಚುವ ಪುಟ್ಟ ಅಲಗು) 2 ಮಿಲಿಮೀಟರಿಗಿಂತ ಆಳಕ್ಕೆ ಇಳಿಯಬಾರದು. ಮೊದಲ ಹನಿಯನ್ನು ಒಣ ಗಾಜ್‌ನಿಂದ ಒರೆಸಿಬಿಡಿ.

ಹೆಚ್ಚಿನ ಕಾರ್ಡುಗಳು ಹಾಳಾಗುವುದು ಇದರ ಮುಂದಿನ ಹೆಜ್ಜೆಯಲ್ಲಿ. ಎರಡನೇ ಹನಿ ದಪ್ಪಗೆ ತೂಗುವವರೆಗೆ ತಾಳ್ಮೆ ಬೇಕು. ಕಾಗದವನ್ನು ಹನಿಗೆ ಹಗುರವಾಗಿ ತಾಕಿಸಿ, ಚರ್ಮಕ್ಕೆ ಒತ್ತಬೇಡಿ. ಒಂದೇ ಹನಿ ಕಾರ್ಡಿನಲ್ಲಿ ಅಚ್ಚಾದ ವೃತ್ತವನ್ನು ತುಂಬಿ ಹಿಂಬದಿಗೂ ಇಳಿಯಬೇಕು; ಕಾರ್ಡ್ ತಿರುಗಿಸಿದಾಗ ಎರಡೂ ಕಡೆ ಕೆಂಪು ಒಂದೇ ಸಮ ಕಾಣಬೇಕು. ಪ್ರಯೋಗಾಲಯದಲ್ಲಿ ಆ ಕಲೆಯಿಂದ 3.2 ಮಿಲಿಮೀಟರಿನ ಬಿಲ್ಲೆ ಕತ್ತರಿಸುತ್ತಾರೆ. ಅದರಲ್ಲಿ ಸುಮಾರು 3 ಮೈಕ್ರೋಲೀಟರ್ ರಕ್ತವಿದೆ ಎಂದು ನಂಬಿಯೇ ಲೆಕ್ಕವೆಲ್ಲ ನಡೆಯುತ್ತದೆ. ಹನಿಯ ಮೇಲೆ ಹನಿ ಹಾಕಿದರೆ ಅಷ್ಟೇ ಬಿಲ್ಲೆಯಲ್ಲಿ ರಕ್ತ ಜಾಸ್ತಿಯಾಗಿ ಮೌಲ್ಯ ಸುಳ್ಳಾಗಿ ಏರುತ್ತದೆ. ಹಿಮ್ಮಡಿಯನ್ನು ಹಿಂಡಿದರೆ ಅಂಗಾಂಶದ ನೀರು ಬೆರೆತು ಮೌಲ್ಯ ಇಳಿಯುತ್ತದೆ. ಕಲೆಯ ಸುತ್ತ ತೆಳು ಹಳದಿ ಉಂಗುರ ಕಂಡರೆ ಹಿಂಡಿದ್ದನ್ನೋ ಒಣಗದ ಆಲ್ಕೋಹಾಲನ್ನೋ ಶಂಕಿಸಿ. ಏರಿದ, ಇಳಿದ ಮೌಲ್ಯಗಳಲ್ಲಿ ಸಾಮಾನ್ಯವಾಗಿ ಇಳಿದದ್ದೇ ಹೆಚ್ಚು ಅಪಾಯದ್ದು. ಏರಿದ್ದಕ್ಕೆ ಮರುಪರೀಕ್ಷೆ ಆಗುತ್ತದೆ, ಇಳಿದದ್ದು ‘ನಾರ್ಮಲ್’ ಎಂದು ಮನೆಗೆ ಹೋಗುತ್ತದೆ. ರಕ್ತ ನಿಂತರೆ ಅರ್ಧ ತುಂಬಿದ ವೃತ್ತಕ್ಕೆ ಮತ್ತೆ ಸೇರಿಸದೆ, ಹೊಸದಾಗಿ ಚುಚ್ಚಿ ಬೇರೆ ವೃತ್ತ ತುಂಬಿ.

ಕಾರ್ಡನ್ನು ಅಡ್ಡಲಾಗಿ, ಕಲೆಗಳು ಯಾವುದಕ್ಕೂ ತಾಗದಂತೆ, ಕೋಣೆಯ ತಾಪದಲ್ಲಿ ಕನಿಷ್ಠ 3 ಗಂಟೆ ಒಣಗಿಸಿ. ಬಿಸಿಲು, ಹೀಟರ್, ಹೇರ್ ಡ್ರೈಯರ್ ಬೇಡ. ಸೆಕೆ ಮತ್ತು ತೇವಕ್ಕೆ ಬಯೋಟಿನಿಡೇಸ್‌ನಂಥ ಕಿಣ್ವಗಳು ಸಾಯುತ್ತವೆ; ಇಂಥ ಕಿಣ್ವದ ಕೊರತೆಯೇ ರೋಗದ ಗುರುತಾದ್ದರಿಂದ ಆರೋಗ್ಯವಂತ ಮಗುವೂ ರೋಗಿಯಂತೆ ಕಾಣುತ್ತದೆ. ಹಸಿ ಕಾರ್ಡುಗಳನ್ನು ಒಂದರ ಮೇಲೊಂದು ಇಟ್ಟರೆ ಒಂದು ಮಗುವಿನ ರಕ್ತ ಇನ್ನೊಂದರ ಕಾಗದಕ್ಕೆ ಅಂಟುತ್ತದೆ. ಒಣಗಿದ ಕಾರ್ಡನ್ನು 24 ಗಂಟೆಯೊಳಗೆ ಕಳಿಸಿ.

ಹುಟ್ಟಿದ ಮತ್ತು ರಕ್ತ ತೆಗೆದ ಗಳಿಗೆ, ತೂಕ, ಎಷ್ಟು ವಾರಕ್ಕೆ ಹೆರಿಗೆಯಾಯಿತು ಎಂಬುದು ತುಂಬಿರಲೇಬೇಕು. ರಕ್ತನಾಳದ ಮೂಲಕ ಪೋಷಣೆ ನಡೆದಿದ್ದರೆ ಬರೆಯಿರಿ, ಅಮೈನೋ ಆಮ್ಲಗಳು ಅದರಿಂದಲೇ ಏರಿರಬಹುದು. ತಾಯಿಗೆ ಬಿ12 ಕೊರತೆಯಿದ್ದರೂ ಬರೆಯಿರಿ: ಮಗುವಿನಲ್ಲಿ ಸಿ3 ಕಾರ್ನಿಟಿನ್ (ಪ್ರೊಪಿಯೊನೈಲ್ ಕಾರ್ನಿಟಿನ್) ಹೆಚ್ಚಿ, ರಕ್ತದಲ್ಲಿ ಆಮ್ಲ ಸೇರುವ ಪ್ರೊಪಿಯಾನಿಕ್ ಅಸಿಡೀಮಿಯಾ ರೋಗದ ಅನುಮಾನ ಹುಟ್ಟಿಸುತ್ತದೆ.

ಕಾರ್ಡ್ ಅನುಮಾನವನ್ನಷ್ಟೇ ಹೇಳುತ್ತದೆ; ಖಚಿತಪಡಿಸಲು ಪ್ಲಾಸ್ಮಾ ಅಮೈನೋ ಆಮ್ಲ, ಮೂತ್ರದ ಸಾವಯವ ಆಮ್ಲ, ಕಿಣ್ವ ಅಥವಾ ಜೀನ್ ಪರೀಕ್ಷೆ ಬೇಕು. ಮಗು ಮಂಕಾಗಿ ಹಾಲು ಬಿಟ್ಟಿದ್ದರೆ, ಪದೇಪದೇ ವಾಂತಿ ಮಾಡುತ್ತಿದ್ದರೆ ಕಾರ್ಡಿನ ಉತ್ತರಕ್ಕೆ ಕಾಯಬೇಡಿ. ಗ್ಲೂಕೋಸ್, ರಕ್ತದ ಆಮ್ಲೀಯತೆ, ಅಮೋನಿಯಾ ಆಗಲೇ ನೋಡಬೇಕು. ಅಮೋನಿಯಾದ ಟ್ಯೂಬ್ ಮಂಜುಗಡ್ಡೆಯಲ್ಲಿಯೇ, ತಡಮಾಡದೆ ಲ್ಯಾಬಿಗೆ ಹೋಗಲಿ.