ಎರಡು ಓಎಸ್ ಇರುವ ಲ್ಯಾಪ್‌ಟಾಪ್ ಕೈಕೊಟ್ಟರೆ: ಫಾರ್ಮ್ಯಾಟ್ ಹೊಡೆಯುವ ಮುಂಚೆ ಇಷ್ಟು ಮಾಡಿ

ವಿಂಡೋಸ್ ಜೊತೆಗೆ ಉಬುಂಟು, ಅಂದರೆ ಲಿನಕ್ಸ್ ಬಳಗದ ಇನ್ನೊಂದು ಓಎಸ್ (ಆಪರೇಟಿಂಗ್ ಸಿಸ್ಟಂ), ಹಾಕಿಕೊಂಡ ಲ್ಯಾಪ್‌ಟಾಪ್. ಒಂದು ಬೆಳಗ್ಗೆ ಆನ್ ಮಾಡಿದರೆ ಯಾವುದು ಬೇಕು ಎಂದು ಕೇಳುವ ಮೆನುವೇ ಇಲ್ಲ, ಸೀದಾ ವಿಂಡೋಸ್. ಇಲ್ಲವೇ ಕಪ್ಪು ಪರದೆಯಲ್ಲಿ ‘ಗ್ರಬ್’ (ಆ ಮೆನು ತೋರಿಸುವ ಪುಟ್ಟ ಪ್ರೋಗ್ರಾಂ) ಎಂಬ ಒಂದು ಪದ, ಪಕ್ಕದಲ್ಲಿ ಮಿನುಗುವ ಗೆರೆ, ಅಷ್ಟೇ. ಆಗ ನಮ್ಮ ಜನ ಮಾಡುವ ಮೊದಲ ಕೆಲಸ ಏನು ಹೇಳಿ? ಪೆನ್‌ಡ್ರೈವ್ ಹುಡುಕಿ ‘ಸುಮ್ನೆ ಒಂದ್ಸಲ ಫಾರ್ಮ್ಯಾಟ್ ಹೊಡೆದುಬಿಡೋಣ’ ಎನ್ನುವುದು. ಪ್ರಾಜೆಕ್ಟ್ ರಿಪೋರ್ಟು, ಮದುವೆ ಫೋಟೊ, ಎಲ್ಲ ಹೋದ ಮೇಲೆ ಗೊತ್ತಾಗುತ್ತದೆ, ಹಾಳಾಗಿದ್ದು ಕೆಲವೇ ಎಂಬಿಯ ಒಂದು ಬೂಟ್ ಫೈಲು (ಓಎಸ್ ಶುರು ಮಾಡುವ ಫೈಲು) ಅಥವಾ ಓಎಸ್‌ಗೂ ಮೊದಲು ಓಡುವ ಬಯೋಸ್ ಎಂಬ ಪ್ರೋಗ್ರಾಂನ ಪಟ್ಟಿಯ ಒಂದು ಸಾಲು ಅಂತ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತಲ್ಲ, ಅಲ್ಲಿಂದೀಚೆಗೆ ಹಳೇ ಲ್ಯಾಪ್‌ಟಾಪಿಗೆ ಪಕ್ಕದಲ್ಲೊಂದು ಲಿನಕ್ಸ್ ಹಾಕಿಕೊಂಡವರೂ ಇದ್ದಾರೆ. ಅವರಿಗೂ ಇದು ಬೇಕಾಗುತ್ತದೆ. ಇಲ್ಲಿ ಹೇಳುವುದು ಉಬುಂಟು ಮತ್ತು ಮಿಂಟ್ ಎಂಬ ಲಿನಕ್ಸ್‌ಗಳಿಗೆ. ಫೆಡೋರಾ ಎಂಬ ಇನ್ನೊಂದು ಲಿನಕ್ಸ್ ಇದ್ದರೆ ಗ್ರಬ್ ಕೂರಿಸುವ ದಾರಿ ಬೇರೆ, ನಾಲ್ಕನೇ ಹೆಜ್ಜೆಯನ್ನು ಹಾಗೇ ಅನುಸರಿಸಬೇಡಿ.

1. ಎಲ್ಲಿ ನಿಂತಿದೆ, ನೋಡಿ

ಆನ್ ಆಗುತ್ತಿಲ್ಲ ಎಂದರೆ ಸಾಲದು. ಕಂಪನಿಯ ಲೋಗೋ ಬಂತಾ? ಗ್ರಬ್ ಮೆನು ಬಂತಾ? ಮೆನು ಬಂದು ಉಬುಂಟು ಆರಿಸಿದ ಮೇಲೆ ನಿಂತಿತಾ? ಲೋಗೋನೇ ಬರದಿದ್ದರೆ ಇದು ಓಎಸ್ ತಕರಾರಲ್ಲ, ರಿಪೇರಿಯವರ ಹತ್ತಿರ ಹೋಗಿ. ಪರದೆಯಲ್ಲಿ ಏನೇ ಬರಹ ಇರಲಿ, ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ‘ಏನೋ ಎರರ್ ಬಂತು’ ಎಂದು ಹೇಳಿದರೆ ಯಾರಿಗೂ ಸಹಾಯ ಮಾಡಲು ಆಗಲ್ಲ.

2. ರಿಕವರಿ ಕೀ ಕೈಯಲ್ಲಿರಲಿ

ಇದನ್ನು ಬಿಟ್ಟು ಮುಂದಕ್ಕೆ ಹೋಗಲೇಬೇಡಿ. ಹೊಸ ಲ್ಯಾಪ್‌ಟಾಪುಗಳಲ್ಲಿ ನಿಮಗೆ ಗೊತ್ತಿಲ್ಲದೆಯೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿರಬಹುದು, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿರಬಹುದು. ಹಾಗಿದ್ದರೆ ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ (ನಂಬಿಕೆಯಿಲ್ಲದ ಬೂಟ್ ಫೈಲುಗಳನ್ನು ತಡೆಯುವ ಕಾವಲು) ಮುಟ್ಟಿದರೆ ಸಾಕು, ಮುಂದಿನ ಸಲ ವಿಂಡೋಸ್ ನೀಲಿ ಪರದೆ ತೋರಿಸಿ ಬಿಟ್‌ಲಾಕರ್ ಎಂಬ ಆ ಬೀಗದ 48 ಅಂಕಿಗಳ ಕೀ ಕೇಳುತ್ತದೆ. ಆ ಕೀ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತದೆ. ಫೋನಿನಿಂದ ಲಾಗಿನ್ ಆಗಿ ನೋಡಿ, ಕಾಗದದ ಮೇಲೆ ಬರೆದುಕೊಳ್ಳಿ.

ತಮಾಷೆ ಎಂದರೆ, ಎಷ್ಟೋ ಜನರ ಲ್ಯಾಪ್‌ಟಾಪು ಸೆಟಪ್ ಆಗಿರುವುದು ಅಂಗಡಿ ಹುಡುಗನ ಇಮೇಲಿನಲ್ಲೋ ಊರಲ್ಲಿರುವ ಭಾವನ ಇಮೇಲಿನಲ್ಲೋ. ಹಾಗಿದ್ದರೆ ಮೊದಲು ಅವರಿಗೆ ಫೋನ್ ಮಾಡಿ. ಕೀ ಸಿಗದೆ ಬಯೋಸ್ ಮುಟ್ಟಿದರೆ ಸಿ ಡ್ರೈವ್‌ನಲ್ಲಿರುವುದನ್ನು ಯಾರೂ ವಾಪಸ್ ಕೊಡಲಾರರು.

3. ಬೂಟ್ ಮೆನು ತೆಗೆಯಿರಿ

‘ಉಬುಂಟು ಮಾಯವಾಯ್ತು’ ಎನ್ನುವ ಎಷ್ಟೋ ಪ್ರಕರಣ ಇಲ್ಲಿಗೇ ಮುಗಿಯುತ್ತವೆ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಆದ ಮೇಲೆ ಬೂಟ್ ಕ್ರಮದಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಮೇಲಕ್ಕೆ ಬಂದಿರುತ್ತದೆ, ಉಬುಂಟು ಕೆಳಕ್ಕೆ ಇಳಿದಿರುತ್ತದೆ. ಮನೆ ಅಲ್ಲೇ ಇದೆ, ಬಾಗಿಲ ನಂಬರ್ ಬದಲಾಗಿದೆ ಅಷ್ಟೆ.

ಪವರ್ ಬಟನ್ ಒತ್ತಿದ ತಕ್ಷಣ ಎಚ್‌ಪಿಯಲ್ಲಿ ಎಫ್9, ಡೆಲ್ ಮತ್ತು ಲೆನೊವೊದಲ್ಲಿ ಎಫ್12, ಏಸಸ್‌ನಲ್ಲಿ ಎಸ್ಕೇಪ್ ಕೀಯನ್ನು ಟಕಟಕ ಒತ್ತುತ್ತಾ ಇರಿ. ಮಾಡೆಲ್ ಮೇಲೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ಕೀ ಹಿಡಿಯಲೇ ಆಗ್ತಿಲ್ಲ ಎಂದರೆ ವಿಂಡೋಸ್ ಒಳಗೆ ಹೋಗಿ, ಶಿಫ್ಟ್ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿ. ಬರುವ ನೀಲಿ ಪರದೆಯಲ್ಲಿ ‘ಯೂಸ್ ಎ ಡಿವೈಸ್’ ಎಂದಿದ್ದರೆ ಅದರೊಳಗೆ ಉಬುಂಟು ಕೂತಿರುತ್ತದೆ.

ಉಬುಂಟು ಆರಿಸಿದಾಗ ಸರಿಯಾಗಿ ಬಂದರೆ ಬಯೋಸ್‌ಗೆ ಹೋಗಿ ಬೂಟ್ ಕ್ರಮದಲ್ಲಿ ಅದನ್ನು ಮೇಲೆ ಹಾಕಿ, ಎಫ್10 ಒತ್ತಿ ಸೇವ್ ಮಾಡಿ. ಮುಗಿಯಿತು, ಮುಂದೆ ಓದಬೇಕಾಗಿಲ್ಲ.

ಆರಿಸಿದಾಗ ‘ಎಸ್‌ಬ್ಯಾಟ್ ಸೆಲ್ಫ್ ಚೆಕ್ ಫೇಲ್ಡ್’ ಎಂದು ಬರೆದು ಮಷೀನು ಆಫ್ ಆಗಿಬಿಟ್ಟರೆ ಅದು ಬೇರೆ ಕಥೆ. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಹಳೆಯ ಲಿನಕ್ಸ್ ಬೂಟ್ ಫೈಲುಗಳನ್ನು ತಡೆಯಲು ಹೋಗಿ ಎರಡು ಓಎಸ್ ಇಟ್ಟುಕೊಂಡವರ ಮಷೀನುಗಳಿಗೂ ಏಟು ಕೊಟ್ಟಿತ್ತು. ಮೈಕ್ರೋಸಾಫ್ಟ್ ಅದನ್ನು ಸರಿಮಾಡಿದ್ದು 2025ರ ಮೇ ತಿಂಗಳಲ್ಲಿ. ಹಳೇ ಉಬುಂಟು ಇಟ್ಟುಕೊಂಡು ವರ್ಷಗಟ್ಟಲೆ ಅಪ್‌ಡೇಟ್ ಮಾಡದವರಿಗೆ ಈಗಲೂ ಇದು ಬರಬಹುದು. ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಿ, ಉಬುಂಟು ಒಳಗೆ ಹೋಗಿ ಪೂರ್ತಿ ಅಪ್‌ಡೇಟ್ ಮಾಡಿ, ಮತ್ತೆ ಆನ್ ಮಾಡಿ. ಆಫ್ ಮಾಡಿಟ್ಟು ಮರೆತುಬಿಡುವುದು ನನಗೆ ಸರಿ ಕಾಣುವುದಿಲ್ಲ.

4. ಗ್ರಬ್ ಮತ್ತೆ ಕೂರಿಸುವುದು

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಹೋಗೋಣ.

ಬೂಟ್ ಮೆನುವಿನಲ್ಲಿ ಉಬುಂಟು ಹೆಸರೇ ಇಲ್ಲ, ಅಥವಾ ಇದ್ದರೂ ಕಪ್ಪು ಪರದೆಯ ಗ್ರಬ್‌ನಲ್ಲೇ ನಿಲ್ಲುತ್ತದೆ ಎಂದಾಗ ಮಾತ್ರ ಈ ಹೆಜ್ಜೆ. ಮೊದಲು ಒಂದು ಪ್ರಶ್ನೆ: ಜಾಗ ಸಾಲಲ್ಲ ಎಂದು ಇತ್ತೀಚೆಗೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹೆಸರಿಲ್ಲದ ಯಾವುದಾದರೂ ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) ಡಿಲೀಟ್ ಮಾಡಿದ್ದೀರಾ? ಮಾಡಿದ್ದರೆ ನೀವು ಅಳಿಸಿದ್ದು ಬಹುಶಃ ಉಬುಂಟುವನ್ನೇ. ವಿಂಡೋಸ್‌ಗೆ ಲಿನಕ್ಸ್ ಪಾರ್ಟಿಷನ್ ಓದಲು ಬರುವುದಿಲ್ಲ, ಅದಕ್ಕೇ ಅಲ್ಲಿ ಅದು ಅನಾಥವಾಗಿ ಕಾಣುತ್ತದೆ. ಹಾಗಾಗಿದ್ದರೆ ಬೂಟ್ ಮೆನುವಿನಿಂದ ವಿಂಡೋಸ್‌ಗೆ ಹೋಗಿ ಕೆಲಸ ಮಾಡಿಕೊಳ್ಳಿ. ಗ್ರಬ್ ಕೂರಿಸಿ ಪ್ರಯೋಜನ ಇಲ್ಲ.

ಪಾರ್ಟಿಷನ್ ಅಲ್ಲೇ ಇದೆ ಎಂದಾದರೆ ಬೇರೆ ಕಂಪ್ಯೂಟರಿನಲ್ಲಿ ಉಬುಂಟುವಿನ ಲೈವ್ ಪೆನ್‌ಡ್ರೈವ್ (ಇನ್‌ಸ್ಟಾಲ್ ಮಾಡದೆ ಅದರಿಂದಲೇ ಉಬುಂಟು ಓಡುವಂಥದ್ದು) ಮಾಡಿಕೊಳ್ಳಿ. ಅದಕ್ಕೆ ನಾನು ಬಳಸುವ ಸಾಫ್ಟ್‌ವೇರ್ ವೆಂಟಾಯ್, ರೂಫಸ್ ಆದರೂ ಆಗುತ್ತದೆ. ಪೆನ್‌ಡ್ರೈವ್ ಮಾತ್ರ ಒಳ್ಳೆಯದು ತೊಗೊಳ್ಳಿ. ಫುಟ್‌ಪಾತಿನಲ್ಲಿ ಸಿಗುವ, ಮೇಲೆ ದೊಡ್ಡದಾಗಿ ಜಿಬಿ ಬರೆದ ನಕಲಿಗಳಲ್ಲಿ ಅರ್ಧ ಫೈಲು ಕಾಪಿ ಆಗಿರುತ್ತದೆ, ಅರ್ಧ ಆಗಿರುವುದಿಲ್ಲ. ನೀವು ಲ್ಯಾಪ್‌ಟಾಪನ್ನು ಬೈಯುತ್ತಾ ಕೂತಿರುತ್ತೀರಿ.

ಪೆನ್‌ಡ್ರೈವ್ ಹಾಕಿ ಬೂಟ್ ಮೆನು ತೆಗೆದರೆ ಕೆಲವು ಮಷೀನುಗಳಲ್ಲಿ ಅದೇ ಪೆನ್‌ಡ್ರೈವ್ ಎರಡು ಸಲ ಕಾಣುತ್ತದೆ. ಒಂದರ ಹಿಂದೆ ‘ಯುಇಎಫ್‌ಐ’ ಎಂದಿರುತ್ತದೆ, ಇನ್ನೊಂದರ ಹಿಂದೆ ಇರುವುದಿಲ್ಲ. ಅವಸರದಲ್ಲಿ ಎರಡನೆಯದನ್ನು ಒತ್ತಿದರೆ ಆಮೇಲೆ ನೀವು ಮಾಡುವುದೆಲ್ಲ ಹಳೇ ಲೆಗಸಿ ಬೂಟ್ ವಿಧಾನದಲ್ಲಿ ಆಗುತ್ತದೆ, ವಿಂಡೋಸ್ ಇರುವುದು ಹೊಸ ಯುಇಎಫ್‌ಐ ವಿಧಾನದಲ್ಲಿ, ಎರಡಕ್ಕೂ ಮಾತುಕತೆಯೇ ಇರುವುದಿಲ್ಲ. ಆದ್ದರಿಂದ ಯುಇಎಫ್‌ಐ ಎಂದಿರುವುದನ್ನೇ ಆರಿಸಿ. ‘ಟ್ರೈ ಉಬುಂಟು’ ಒತ್ತಿ. ಇನ್‌ಸ್ಟಾಲ್ ಅಲ್ಲ, ಟ್ರೈ! ಒಳಗೆ ಬಂದ ಮೇಲೆ /ಸಿಸ್/ಫರ್ಮ್‌ವೇರ್ (/sys/firmware) ಫೋಲ್ಡರಿನಲ್ಲಿ ಇಎಫ್‌ಐ ಎಂಬ ಫೋಲ್ಡರ್ ಇದೆಯಾ ನೋಡಿ. ಇದ್ದರೆ ಸರಿಯಾದ ವಿಧಾನದಲ್ಲೇ ಬಂದಿದ್ದೀರಿ.

ಈಗ ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ತೆಗೆಯಿರಿ. ಕಮಾಂಡುಗಳ ಹೆಸರನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷಿನಲ್ಲೇ ಚಿಕ್ಕಕ್ಷರದಲ್ಲಿ ಟೈಪ್ ಮಾಡಿ. ಮೊದಲು ‘ಎಲ್‌ಎಸ್‌ಬಿಎಲ್‌ಕೆ -ಎಫ್’. ಡಿಸ್ಕಿನ ಪಾರ್ಟಿಷನ್‌ಗಳ ಪಟ್ಟಿ ಬರುತ್ತದೆ. ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪಿನಲ್ಲಿ ಎನ್‌ವಿಎಂಇ0ಎನ್1ಪಿ1, ಪಿ2, ಪಿ3 ಹೀಗೆ ಹೆಸರುಗಳು. ನಿಮಗೆ ಬೇಕಾದವು ಎರಡೇ. ಒಂದು ವಿಫ್ಯಾಟ್ ಎಂದಿರುವ ಪುಟ್ಟದು, ವಿಂಡೋಸ್ ತಾನೇ ಮಾಡಿದ್ದಾದರೆ ಸಾಮಾನ್ಯವಾಗಿ 100 ಎಂಬಿಯದು. ಇದೇ ಇಎಫ್‌ಐ ಪಾರ್ಟಿಷನ್, ಎರಡೂ ಓಎಸ್‌ಗಳ ಬೂಟ್ ಫೈಲುಗಳು ಅಕ್ಕಪಕ್ಕದ ಫೋಲ್ಡರುಗಳಲ್ಲಿ ಇದರೊಳಗೇ ಇರುತ್ತವೆ. ಇನ್ನೊಂದು ಇಎಕ್ಸ್‌ಟಿ4 ಎಂದಿರುವುದು, ಅದು ನಿಮ್ಮ ಉಬುಂಟು. ನಿಮ್ಮ ಪೆನ್‌ಡ್ರೈವೂ ವಿಫ್ಯಾಟ್ ಎಂದು ತೋರಿಸಬಹುದು, ಎಸ್‌ಡಿ ಎಂದು ಶುರುವಾಗುವ ಹೆಸರು ಕಂಡರೆ ಹುಷಾರು. ಯಾವುದು ಯಾವುದೆಂದು ಕಾಗದದ ಮೇಲೆ ಬರೆದುಕೊಳ್ಳಿ. ಒಂದು ಮಾತು: ಇಎಫ್‌ಐ ಪಾರ್ಟಿಷನ್‌ ಅನ್ನು ಯಾವ ಕಾರಣಕ್ಕೂ ಫಾರ್ಮ್ಯಾಟ್ ಮಾಡಬೇಡಿ. ಮಾಡಿದರೆ ಇಲ್ಲಿಯವರೆಗೆ ಚೆನ್ನಾಗಿದ್ದ ವಿಂಡೋಸೂ ಮಲಗುತ್ತದೆ.

ಎಸ್‌ಎಸ್‌ಡಿಯೇ ಪಟ್ಟಿಯಲ್ಲಿ ಇಲ್ವಾ? ಬಯೋಸ್‌ನಲ್ಲಿ ಇಂಟೆಲ್‌ನ ಆರ್‌ಎಸ್‌ಟಿ (ಡಿಸ್ಕ್ ನೋಡಿಕೊಳ್ಳುವ ಒಂದು ವಿಧಾನ) ಆನ್ ಆಗಿರಬಹುದು. ಬಯೋಸ್ ರೀಸೆಟ್ ಆದಾಗ ಹೀಗಾಗುತ್ತದೆ. ಅದನ್ನು ಧಡಕ್ಕನೆ ಎಎಚ್‌ಸಿಐ ಎಂಬ ಮಾಮೂಲಿ ವಿಧಾನಕ್ಕೆ ಬದಲಿಸಿದರೆ ವಿಂಡೋಸ್ ನೀಲಿ ಪರದೆಗೆ ಬೀಳಬಹುದು. ಮೊದಲು ವಿಂಡೋಸ್‌ನಲ್ಲಿ ಸೇಫ್ ಮೋಡ್‌ಗೆ ಬೂಟ್ ಆಗುವಂತೆ ಇಟ್ಟು, ಆಮೇಲೆ ಬಯೋಸ್‌ನಲ್ಲಿ ಬದಲಿಸಿ, ಒಂದು ಸಲ ಸೇಫ್ ಮೋಡ್‌ನಲ್ಲಿ ಆನ್ ಆದ ಮೇಲೆ ಮಾಮೂಲಿಗೆ ತನ್ನಿ.

ಪಟ್ಟಿ ಸರಿಯಾಗಿ ಬಂತು, ಉಬುಂಟು ಪಿ5ರಲ್ಲಿದೆ, ಇಎಫ್‌ಐ ಪಿ1ರಲ್ಲಿದೆ ಎಂದುಕೊಳ್ಳೋಣ. ಇವೆರಡನ್ನೂ ಮೌಂಟ್ ಮಾಡಬೇಕು, ಅಂದರೆ ಬಳಸಲು ಬರುವಂತೆ ಒಂದು ಫೋಲ್ಡರಿಗೆ ಜೋಡಿಸಬೇಕು. ‘ಸುಡೊ (sudo) ಮೌಂಟ್’ ಬರೆದು, /ಡೆವ್/ ಸೇರಿಸಿ ಪಿ5ರ ಪೂರ್ತಿ ಹೆಸರು, ಒಂದು ಸ್ಪೇಸ್, ಆಮೇಲೆ /ಎಂಎನ್‌ಟಿ. ಎಂಟರ್. ಅದೇ ರೀತಿ ಪಿ1 ಅನ್ನು /ಎಂಎನ್‌ಟಿ/ಬೂಟ್/ಇಎಫ್‌ಐ ಎಂಬಲ್ಲಿಗೆ ಮೌಂಟ್ ಮಾಡಿ. ಈ ಕ್ರಮ ತಿರುವುಮುರುವು ಆಗಬಾರದು, ಮೊದಲು ಉಬುಂಟು, ಆಮೇಲೆ ಇಎಫ್‌ಐ. ಎರಡನೆಯದನ್ನು ಬಿಟ್ಟು ಗ್ರಬ್ ಕೂರಿಸುವವರೂ ಇದ್ದಾರೆ. ಅವರ ಗ್ರಬ್ ಎಲ್ಲೂ ಕೂರುವುದಿಲ್ಲ.

ಮುಂದೆ ‘ಸುಡೊ ಮೌಂಟ್ --ಆರ್‌ಬೈಂಡ್ /ಡೆವ್ /ಎಂಎನ್‌ಟಿ/ಡೆವ್’. ಇದೇ ಸಾಲನ್ನು ಡೆವ್ ಬದಲು ಪ್ರಾಕ್ (proc) ಹಾಕಿ ಒಂದು ಸಲ, ಸಿಸ್ (sys) ಹಾಕಿ ಒಂದು ಸಲ. ಈಗ ‘ಸುಡೊ ಸಿಎಚ್‌ರೂಟ್ /ಎಂಎನ್‌ಟಿ’. ಸಾಲಿನ ಶುರುವಿನಲ್ಲಿ ರೂಟ್ ಎಂದು ಬಂದರೆ ನೀವು ಪೆನ್‌ಡ್ರೈವಿನಿಂದಲೇ ನಿಮ್ಮ ಹಳೇ ಉಬುಂಟು ಒಳಗೆ ನಿಂತಿದ್ದೀರಿ. ‘ಗ್ರಬ್-ಇನ್‌ಸ್ಟಾಲ್’ ಎಂದಷ್ಟೇ ಹೊಡೆಯಿರಿ. ‘ನೋ ಎರರ್ ರಿಪೋರ್ಟೆಡ್’ ಎಂದು ಬರಬೇಕು. ಇಎಫ್‌ಐ ವೇರಿಯಬಲ್ ಬರೆಯಲು ಆಗಲಿಲ್ಲ ಎಂದರೆ ಪೆನ್‌ಡ್ರೈವನ್ನು ಲೆಗಸಿಯಲ್ಲಿ ತೆಗೆದಿದ್ದೀರಿ ಅಥವಾ ಸಿಸ್ ಸಾಲು ಬಿಟ್ಟುಹೋಗಿದೆ. ಆಮೇಲೆ ‘ಅಪ್‌ಡೇಟ್-ಗ್ರಬ್’. ಅದು ಮುಗಿದ ಮೇಲೆ ‘ಎಕ್ಸಿಟ್’, ರೀಸ್ಟಾರ್ಟ್, ಪೆನ್‌ಡ್ರೈವ್ ಕಿತ್ತುಬಿಡಿ.

ಇಷ್ಟೆಲ್ಲ ಟೈಪ್ ಮಾಡಲು ಭಯವಾದರೆ ಬೂಟ್-ರಿಪೇರ್ ಎಂಬ ಉಚಿತ ಟೂಲ್ ಇದೆ. ಅದೇ ಲೈವ್ ಉಬುಂಟುವಿನಲ್ಲಿ ನೆಟ್ ಕನೆಕ್ಟ್ ಮಾಡಿ ಹಾಕಿಕೊಂಡು ‘ರೆಕಮೆಂಡೆಡ್ ರಿಪೇರ್’ ಒತ್ತಿದರೆ ಬಹಳಷ್ಟು ಸಲ ಕೆಲಸ ಆಗುತ್ತದೆ. ನನಗೆ ಅದು ಅಷ್ಟಾಗಿ ಇಷ್ಟವಿಲ್ಲ. ಕೆಲಸ ಆಗದಿದ್ದಾಗ ಅದು ಏನನ್ನು ಮುಟ್ಟಿತು ಎಂದು ಹುಡುಕುವುದೇ ಇನ್ನೊಂದು ಕೆಲಸವಾಗುತ್ತದೆ. ಆದರೂ ಫಾರ್ಮ್ಯಾಟಿಗಿಂತ ಸಾವಿರ ಪಾಲು ಮೇಲು. ಒಂದೇ ಕ್ಲಿಕ್ಕಿನಲ್ಲಿ ಬೂಟ್ ಸರಿ ಮಾಡ್ತೀವಿ ಎಂದು ದುಡ್ಡು ಕೇಳುವ ವಿಂಡೋಸ್ ಸಾಫ್ಟ್‌ವೇರುಗಳಿಗೆ ಮಾತ್ರ ಒಂದು ರೂಪಾಯಿನೂ ಕೊಡಬೇಡಿ. ಹಾಗೆಯೇ ಯೂಟ್ಯೂಬ್ ನೋಡಿ ‘ಫಿಕ್ಸ್‌ಎಂಬಿಆರ್’ ಹೊಡೆಯುವುದೂ ದಂಡ. ಅದು ಹಳೇ ಲೆಗಸಿ ಮಷೀನುಗಳ ಮದ್ದು, ಯುಇಎಫ್‌ಐ ಮಷೀನಿಗೆ ತಾಗುವುದಿಲ್ಲ.

5. ಉಬುಂಟು ಬಂತು, ವಿಂಡೋಸ್ ಎಲ್ಲಿ?

ಗ್ರಬ್ ಮೆನುವಿನಲ್ಲಿ ವಿಂಡೋಸ್ ಇಲ್ಲದಿದ್ದರೆ ಗಾಬರಿ ಬೇಡ. 2021ರಲ್ಲಿ ಬಂದ ಗ್ರಬ್ 2.06ರಿಂದ ಬೇರೆ ಓಎಸ್ ಹುಡುಕುವುದನ್ನು ಮಾಮೂಲಾಗಿ ಆಫ್ ಮಾಡಿಟ್ಟಿದ್ದಾರೆ. /ಇಟಿಸಿ/ಡೀಫಾಲ್ಟ್/ಗ್ರಬ್ ಫೈಲ್ ತೆಗೆದು ‘ಗ್ರಬ್_ಡಿಸೇಬಲ್_ಓಎಸ್_ಪ್ರೋಬರ್=ಫಾಲ್ಸ್’ ಎಂಬ ಸಾಲು ಹಾಕಿ. ಈ ಹೆಸರು ದೊಡ್ಡಕ್ಷರದಲ್ಲಿ, ಫಾಲ್ಸ್ ಮಾತ್ರ ಚಿಕ್ಕಕ್ಷರದಲ್ಲಿ. ಆ ಸಾಲು ಮೊದಲೇ ಇದ್ದು ಮುಂದೆ ಹ್ಯಾಷ್ (#) ಗುರುತಿದ್ದರೆ ಅದನ್ನು ಅಳಿಸಿದರೆ ಸಾಕು. ‘ಸುಡೊ ಅಪ್‌ಡೇಟ್-ಗ್ರಬ್’ ಹೊಡೆದಾಗ ವಿಂಡೋಸ್ ಬೂಟ್ ಮ್ಯಾನೇಜರ್ ಸಿಕ್ಕಿತು ಎಂದು ಒಂದು ಸಾಲು ಬರುತ್ತದೆ. ಇದಕ್ಕೆಂದು ಗ್ರಬ್ ಕಸ್ಟಮೈಸರ್ ಎಂಬ ಸಾಫ್ಟ್‌ವೇರ್ ಹಾಕಬೇಡಿ, ಅದು ಗ್ರಬ್‌ನ ಫೈಲುಗಳನ್ನು ತನಗೆ ಬೇಕಾದಂತೆ ಬದಲಿಸುತ್ತದೆ. ಬಿಟ್‌ಲಾಕರ್ ಇದ್ದರೆ ಗ್ರಬ್ ಮೂಲಕ ವಿಂಡೋಸ್‌ಗೆ ಹೋದಾಗ ಕೀ ಕೇಳಬಹುದು. ಅಂಥವರು ವಿಂಡೋಸನ್ನು ಬಯೋಸ್‌ನ ಬೂಟ್ ಮೆನುವಿನಿಂದಲೇ ತೆಗೆಯುವುದು ವಾಸಿ.

6. ಮೆನು ಬರುತ್ತದೆ, ಉಬುಂಟು ಒಳಗೆ ಹೋಗಲ್ಲ

ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದ್ದು ಪರದೆ ಕಪ್ಪಾಗೇ ಉಳಿದರೆ ಗ್ರಬ್ ಮೆನುವಿನಲ್ಲಿ ಉಬುಂಟು ಮೇಲೆ ನಿಂತು ಇ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ ಸೇರಿಸಿ ಎಫ್10 ಒತ್ತಿ. ಒಳಗೆ ಹೋದ ಮೇಲೆ ಡ್ರೈವರ್ ಸರಿಯಾಗಿ ಹಾಕಿ. ಇದು ಒಂದು ಸಲದ ಉಪಾಯ, ಖಾಯಂ ಅಲ್ಲ.

‘ಎಮರ್ಜೆನ್ಸಿ ಮೋಡ್’ ಎಂದು ಬಂದರೆ ವಿಂಡೋಸ್‌ನಲ್ಲಿ ಡಿ ಡ್ರೈವ್ ಫಾರ್ಮ್ಯಾಟ್ ಮಾಡಿದ್ದೀರಾ ನೆನಪಿಸಿಕೊಳ್ಳಿ. ಫಾರ್ಮ್ಯಾಟ್ ಮಾಡಿದರೆ ಡ್ರೈವಿನ ಗುರುತಿನ ಸಂಖ್ಯೆ ಬದಲಾಗುತ್ತದೆ, ಉಬುಂಟು ಮಾತ್ರ ಹಳೇ ಸಂಖ್ಯೆಯನ್ನೇ ಹುಡುಕುತ್ತಾ ಒಂದೂವರೆ ನಿಮಿಷ ಕಾದು ಕೈಚೆಲ್ಲುತ್ತದೆ. /ಇಟಿಸಿ/ಎಫ್‌ಸ್ಟ್ಯಾಬ್ (fstab) ಫೈಲಿನಲ್ಲಿ ಆ ಡ್ರೈವಿನ ಸಾಲಿನ ಮುಂದೆ ಒಂದು ಹ್ಯಾಷ್ ಗುರುತು ಹಾಕಿ ರೀಸ್ಟಾರ್ಟ್ ಮಾಡಿದರೆ ಆಯ್ತು.

7. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ

ಎರಡು ಓಎಸ್ ಇದ್ದವರು ಇದನ್ನು ಆನ್ ಇಟ್ಟುಕೊಳ್ಳಲೇಬಾರದು. ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಆಫ್ ಆಗದೆ ಅರೆನಿದ್ದೆಯಲ್ಲಿರುತ್ತದೆ. ಅದಕ್ಕೇ ಉಬುಂಟುವಿನಿಂದ ಆ ಡ್ರೈವ್ ತೆಗೆದರೆ ಬರೆಯಲು ಬಿಡುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಬಟನ್ ಏನು ಮಾಡಬೇಕು ಎಂಬಲ್ಲಿ ಹೋದರೆ ಸಿಗುತ್ತದೆ. ಟಿಕ್ ಮಸುಕಾಗಿದ್ದರೆ ಮೇಲಿರುವ ನೀಲಿ ಲಿಂಕ್ ಒತ್ತಿದ ಮೇಲೆ ತೆಗೆಯಲು ಬರುತ್ತದೆ.

ಇನ್ನು, ಎಲ್ಲ ಸರಿಯಾದ ಮೇಲೆ ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದೆ ಓಡುತ್ತಿದ್ದರೆ ಬ್ಯಾಟರಿ ಹೋಗಿದೆ ಎಂದುಕೊಂಡು ಅಂಗಡಿಗೆ ಓಡಬೇಡಿ. ಮದರ್‌ಬೋರ್ಡಿನ ಗಡಿಯಾರದಲ್ಲಿ ಉಬುಂಟು ಯುಟಿಸಿ ಎಂಬ ಜಾಗತಿಕ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಎಂದು ಓದುತ್ತದೆ. ಉಬುಂಟುವಿನಲ್ಲಿ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಎಂದು ಒಂದು ಸಲ ಹೊಡೆದು, ವಿಂಡೋಸ್‌ನಲ್ಲಿ ಸಮಯವನ್ನು ಸಿಂಕ್ ಮಾಡಿ.