ಪ್ರವಾಸಿಗಳನ್ನು ಕರೆಯುವ ಮುನ್ನ ಊರು ಮಾಡಿಕೊಳ್ಳಬೇಕಾದ ಕೆಲಸಗಳು

ಊರಿನಲ್ಲೊಂದು ಹಳೆಯ ಗುಡಿ, ಪಕ್ಕದಲ್ಲೊಂದು ಕಲ್ಯಾಣಿ, ಊರಾಚೆ ಒಂದು ಗುಂಡುತೋಪು ಇದ್ದರೆ ಸಾಕು, ‘ನಮ್ಮೂರನ್ನೂ ಪ್ರವಾಸಿ ತಾಣ ಮಾಡಿಕೊಡಿ’ ಎಂಬ ಮನವಿ ಪತ್ರ ಶಾಸಕರ ಕೈಸೇರುವುದು ಈಗ ಸಾಮಾನ್ಯವಾಗಿದೆ. ಮನವಿ ಫಲಿಸಿದ ಕಡೆಗಳಲ್ಲಿ ಕಾಣಸಿಗುವುದು ಬಹುತೇಕ ಸ್ವಾಗತ ಕಮಾನು, ಸಿಮೆಂಟಿನ ಬೆಂಚು ಮತ್ತು ಬೀಗ ಹಾಕಿದ ಶೌಚಾಲಯ. ಊರಿನ ಹುಡುಗರು ಬೆಂಗಳೂರಿನ ಬಸ್ಸು ಹತ್ತುವುದು ಮಾತ್ರ ನಿಲ್ಲುವುದಿಲ್ಲ. ಪರಂಪರೆಯಿಂದ ಊರಿನ ಬದುಕು ಸುಧಾರಿಸಬೇಕಾದರೆ ಕೆಲಸದ ಕ್ರಮವೇ ಬೇರೆ. ಆ ಕ್ರಮದಲ್ಲಿ ಪ್ರವಾಸಿಗಳ ಸರದಿ ಬರುವುದು ಕಟ್ಟಕಡೆಗೆ.

ಮೊದಲು ಪಟ್ಟಿ

ಊರಿನಲ್ಲಿ ಏನೇನಿದೆ ಎಂಬುದನ್ನು ಊರಿನವರೇ ಬರೆದಿಡಬೇಕು. ವೀರಗಲ್ಲು, ಮಾಸ್ತಿಗಲ್ಲು, ಕೆರೆಯ ತೂಬು, ಮಾಳಿಗೆ ಮನೆ, ದೇವರಕಾಡು ಇವೆಲ್ಲ ಕಣ್ಣಿಗೆ ಕಾಣುವಂಥವು. ಸೋಬಾನೆ ಪದ ಬಲ್ಲ ಅಜ್ಜಿ, ಹರಿಗೋಲು ಹೆಣೆಯುವವರು, ನಾಟಿ ಬೀಜ ಉಳಿಸಿಕೊಂಡಿರುವ ರೈತ, ಬಯಲಾಟದ ಮೇಳ ಕಣ್ಣಿಗೆ ಬೀಳದಿದ್ದರೂ ಪಟ್ಟಿಯಲ್ಲಿ ಇರಲೇಬೇಕಾದವರು. ಶಾಸನವಿರುವ ಊರಾದರೆ ಅದು ಈಗಾಗಲೇ ಪ್ರಕಟವಾಗಿದೆಯೇ ಎಂದು ನೋಡುವುದು ಒಳ್ಳೆಯದು. ಹಳೇ ಮೈಸೂರು ಭಾಗ ಮತ್ತು ಕೊಡಗಿನ ಊರುಗಳವರು ಶಾಸನತಜ್ಞ ಬಿ.ಎಲ್. ರೈಸ್ ಅವರು 1886ರಲ್ಲಿ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ತಾಲ್ಲೂಕುವಾರು ಹುಡುಕಬಹುದು; ಬಳ್ಳಾರಿ, ಕೊಪ್ಪಳದ ಕಡೆಯವರಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳಿವೆ. ಕಲ್ಲು ಎಲ್ಲಿ ನಿಂತಿತ್ತು ಎಂಬುದನ್ನೂ ಈ ಸಂಪುಟಗಳು ಹೇಳುವುದರಿಂದ, ರಸ್ತೆ ಅಗಲಿಸುವಾಗ ಚರಂಡಿಯ ಹಾಸುಗಲ್ಲಾಗಿ ಹೋದ ಶಾಸನವನ್ನು ಪತ್ತೆಹಚ್ಚಲು ಇವು ನೆರವಾಗುತ್ತವೆ.

ಮರಗಿಡ, ಪ್ರಾಣಿಪಕ್ಷಿಗಳ ಮಟ್ಟಿಗೆ ಹೊಸ ಪುಸ್ತಕ ತೆರೆಯಬೇಕಾಗಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನರೊಡನೆ ಕೂತು ದಾಖಲಾತಿ ಪುಸ್ತಕ ಸಿದ್ಧಪಡಿಸಬೇಕು. ಬಹಳ ಕಡೆ ಈ ಪುಸ್ತಕ ಪಂಚಾಯಿತಿಯ ಬೀರುವಿನಲ್ಲಿ ತೆಪ್ಪಗೆ ಕೂತಿರುತ್ತದೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಿಂದ (ಪಿಡಿಒ) ಅದನ್ನು ಕೇಳಿ ಪಡೆದು ಗ್ರಾಮಸಭೆಯಲ್ಲಿ ಓದಿಸಿದರೆ, ಬಿಟ್ಟುಹೋದದ್ದನ್ನೂ ತಪ್ಪಾಗಿ ಸೇರಿದ್ದನ್ನೂ ಊರಿನವರೇ ಹೇಳುತ್ತಾರೆ.

ಯಾರ ಸ್ವತ್ತು, ಯಾವ ಕಾನೂನು

ಪಟ್ಟಿಯ ಪ್ರತಿಯೊಂದರ ಮುಂದೆಯೂ ಒಡೆತನವನ್ನು ನಮೂದಿಸಬೇಕು: ಕೇಂದ್ರದ ಪುರಾತತ್ತ್ವ ಸರ್ವೇಕ್ಷಣ ಇಲಾಖೆ, ರಾಜ್ಯದ ಪುರಾತತ್ತ್ವ ಇಲಾಖೆ, ಮುಜರಾಯಿ, ಅರಣ್ಯ, ಪಂಚಾಯಿತಿ ಅಥವಾ ಖಾಸಗಿ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಪಡೆದೇ ಕಟ್ಟಬೇಕು.

ಇದನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ವಿರೂಪಾಪುರಗಡ್ಡೆ ಸಾಕ್ಷಿ. ಹಂಪಿಯ ಎದುರಿಗೆ, ತುಂಗಭದ್ರೆಯ ಆ ದಡದಲ್ಲಿರುವ ಈ ನಡುಗಡ್ಡೆಯ ಗದ್ದೆಗಳಲ್ಲಿ ರೆಸಾರ್ಟ್, ಅತಿಥಿಗೃಹಗಳು ಸಾಲುಗಟ್ಟಿ ಎದ್ದವು, ವ್ಯಾಪಾರವೂ ಜೋರಾಗಿಯೇ ನಡೆಯಿತು. ಅವು ಸಂರಕ್ಷಿತ ಪ್ರದೇಶದಲ್ಲಿನ ಅಕ್ರಮ ಕಟ್ಟಡಗಳೆಂಬ ಹೈಕೋರ್ಟ್ ತೀರ್ಪನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಎತ್ತಿಹಿಡಿದ ಮೇಲೆ ಜೆಸಿಬಿಗಳು ಬಂದವು. ಮಾಲೀಕರ ಬಂಡವಾಳದ ಜೊತೆಗೆ ಅಲ್ಲಿ ದುಡಿಯುತ್ತಿದ್ದ ಸುತ್ತಲ ಊರಿನವರ ಕೂಲಿಯೂ ಹೋಯಿತು.

ಕಾಯುವವರ ನಷ್ಟ ಮೊದಲು ತುಂಬಬೇಕು

ಪರಂಪರೆಯನ್ನು ಉಳಿಸುವ ಹೊರೆ ಊರಿನ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ (ಪೆಲಿಕನ್) ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಮನೆಗಳ ನಡುವಿನ ಹುಣಸೆ, ಆಲ, ಅರಳಿ ಮರಗಳ ಮೇಲೆ. ಕೆಳಗೆ ಹಿಕ್ಕೆ, ಮೀನಿನ ವಾಸನೆ. ಗೂಡಿರುವ ಮರದಿಂದ ಹುಣಸೆ ಇಳಿಸುವಂತಿಲ್ಲ. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆಂಬುದು ನಿಜ, ಆದರೆ ಹುಣಸೆಯ ಫಸಲು ಕಳೆದುಕೊಳ್ಳುವುದು ಮರದ ಮಾಲೀಕ ಒಬ್ಬನೇ. ಅದಕ್ಕಾಗಿಯೇ ಅಲ್ಲಿ ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡುವ ಪದ್ಧತಿ ಬಂತು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ಕೆಲಸಕ್ಕೆ ಊರಿನವರೇ ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡರು. 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂಬ ಘೋಷಣೆ ಬರುವ ಹೊತ್ತಿಗೆ ಊರಿಗೆ ಈ ಕೆಲಸ ಹೊಸದಾಗಿರಲಿಲ್ಲ.

ಆದ್ದರಿಂದ ಪಟ್ಟಿಗೆ ಇನ್ನೊಂದು ಅಂಕಣ ಸೇರಿಸಿ, ಇದು ಉಳಿದರೆ ಯಾರಿಗೆ ನಷ್ಟ ಎಂದು ಬರೆಯಬೇಕು. ಮಾಳಿಗೆ ಮನೆಯನ್ನು ಕೆಡವದೆ ಇಟ್ಟುಕೊಂಡವನಿಗೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ಮಣ್ಣಿನ ಮೇಲ್ಮುದ್ದೆ ಹಾಕಿಸುವ ಖರ್ಚಿದೆ. ದೇವರಕಾಡಿನ ಪಕ್ಕದ ಹೊಲದವನಿಗೆ ಹಂದಿಯ ಕಾಟವಿದೆ. ಮುಂದೆ ಬರುವ ಆದಾಯದಲ್ಲಿ ಮೊದಲ ಪಾಲು ಇವರಿಗೆ ಎಂದು ಹಣ ಬರುವ ಮೊದಲೇ ಠರಾವು ಮಾಡಿಕೊಳ್ಳಬೇಕು. ಹಣ ಬಂದ ಮೇಲೆ ಇಂಥ ಠರಾವು ಆಗುವುದಿಲ್ಲ.

ಕೈಗೆ ಕೆಲಸ

ವಿರೂಪಾಪುರಗಡ್ಡೆಯಿಂದ ಬಹಳ ದೂರವೇನಿಲ್ಲದ, ಅದೇ ಗಂಗಾವತಿ ತಾಲ್ಲೂಕಿನ ಆನೆಗೊಂದಿ ಬೇರೆ ದಾರಿ ತೋರಿಸಿತು. 1997ರಲ್ಲಿ ಆರಂಭವಾದ ಕಿಷ್ಕಿಂಧಾ ಟ್ರಸ್ಟ್ ಅಲ್ಲಿ ಮೊದಲು ಕೈಹಾಕಿದ ಕೆಲಸಗಳಲ್ಲಿ ಬಾಳೆನಾರಿನ ಕಸುಬೂ ಒಂದು. ಬಾಳೆ ಒಮ್ಮೆ ಗೊನೆ ಬಿಟ್ಟರೆ ಮುಗಿಯಿತು. ಕಡಿದ ದಿಂಡನ್ನು ರೈತರು ಬದುವಿಗೆ ಎಸೆಯುತ್ತಾರೆ. ಆ ದಿಂಡಿನ ಪಟ್ಟೆಗಳನ್ನು ಒಂದೊಂದಾಗಿ ಬಿಡಿಸಿ, ಸೀಳಿ, ಬಿಸಿಲಿಗೆ ಒಣಗಿಸಿ, ಹುರಿ ಹೊಸೆದು ಹೆಂಗಸರು ಚೀಲ, ಬುಟ್ಟಿ, ಚಾಪೆ ಹೆಣೆಯುತ್ತಾರೆ. ಕಚ್ಚಾ ಮಾಲಿಗೆ ಊರು ಬಿಟ್ಟು ಹೋಗಬೇಕಾಗಿಲ್ಲ, ಮನೆಗೆಲಸದ ನಡುವೆಯೂ ಹೊಸೆಯಬಹುದು, ಪ್ರವಾಸಿ ಬಾರದ ತಿಂಗಳಲ್ಲೂ ಸರಕನ್ನು ದೂರದ ಪೇಟೆಗೆ ಕಳಿಸಬಹುದು. ಊರು ಯಾವ ಕಸುಬನ್ನು ಆರಿಸಿಕೊಂಡರೂ ಈ ಮೂರು ಗುಣಗಳಿವೆಯೇ ಎಂದು ನೋಡಬೇಕು. ಮಹಿಳಾ ಸಂಘಗಳ ಸಂಜೀವಿನಿ ಒಕ್ಕೂಟ ಅಥವಾ ಸ್ವಸಹಾಯ ಸಂಘ ಆಗಲೇ ಇದ್ದರೆ ಅದರ ಮೂಲಕವೇ ಮಾಡುವುದು ಲೇಸು, ಹೊಸ ಸಂಘ ಕಟ್ಟಿದರೆ ಹೊಸ ಜಗಳ ಶುರುವಾಗುತ್ತದೆ.

ದುರಸ್ತಿ

ಹಳೆಯ ಗಾರೆಯ ಮೇಲೆ ಸಿಮೆಂಟು ಬಳಿಯಬಾರದು, ಶಿಲ್ಪಕ್ಕೆ ಎನಾಮಲ್ ಬಣ್ಣ ಹಚ್ಚಬಾರದು. ಎರಡೂ ತೇವವನ್ನು ಒಳಗೇ ಹಿಡಿದಿಟ್ಟು ಕಲ್ಲನ್ನೂ ಗಾರೆಯನ್ನೂ ಹಾಳುಮಾಡುತ್ತವೆ. ಕಲ್ಯಾಣಿಯ ಹೂಳೆತ್ತುವುದನ್ನು ರಾಜ್ಯದ ಅನೇಕ ಪಂಚಾಯಿತಿಗಳು ಉದ್ಯೋಗ ಖಾತರಿಯಲ್ಲಿ ಮಾಡಿಸಿವೆ. ಆದರೆ ನೀರು ಬರುವ ಕಾಲುವೆಯನ್ನು ಬಿಡಿಸದೆ ಹೂಳು ಮಾತ್ರ ತೆಗೆದರೆ ಫೋಟೊಕ್ಕೆ ಚೆನ್ನಾಗಿರುತ್ತದೆ, ಅಷ್ಟೆ.

ಇನ್ನು ಅತಿಥಿಗಳು

ಇಷ್ಟಾದ ಮೇಲೆ ಎರಡು ಮೂರು ಮನೆಗಳಲ್ಲಿ ಹೋಂಸ್ಟೇ ಆರಂಭಿಸಬಹುದು. ಮನೆಯವರು ಅಲ್ಲೇ ವಾಸವಿರಬೇಕು, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಬೇಕು, ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ದರವನ್ನು ಮನೆಮನೆಗೆ ಬಿಡದೆ ಊರೇ ನಿಗದಿಮಾಡಿ, ಅತಿಥಿಗಳನ್ನು ಸರದಿಯಂತೆ ಹಂಚಬೇಕು. ಇಲ್ಲವಾದರೆ ಮುಖ್ಯರಸ್ತೆಯ ಮನೆಗೆ ಎಲ್ಲ, ಕೇರಿಯ ಮನೆಗೆ ಏನೂ ಇಲ್ಲ ಎಂಬಂತಾಗುತ್ತದೆ. ಊಟಕ್ಕೆ ರೊಟ್ಟಿ, ಪಲ್ಯ, ಉಪ್ಪುಸಾರು ಮುಂತಾಗಿ ಆ ಮನೆಯಲ್ಲಿ ದಿನವೂ ಮಾಡುವುದನ್ನೇ ಬಡಿಸಿದರೆ ಸಾಕು, ಗೋಬಿ ಮಂಚೂರಿ ಪೇಟೆಯಲ್ಲೇ ಸಿಗುತ್ತದೆ. ಊರು ತೋರಿಸುವವರಿಗೆ ಪಟ್ಟಿಯಲ್ಲಿರುವ ವಿಷಯ ಬಾಯಿಪಾಠವಾಗಿರಬೇಕು, ಇಲ್ಲದ ಐತಿಹ್ಯ ಕಟ್ಟಿ ಹೇಳಬಾರದು.

ಒಟ್ಟು ಹಣದಲ್ಲಿ ಗೊತ್ತಾದ ಒಂದು ಪಾಲು ಊರಿನ ಜಂಟಿ ಖಾತೆಗೆ ಹೋಗಿ, ಅದರ ಲೆಕ್ಕವನ್ನು ಆರು ತಿಂಗಳಿಗೊಮ್ಮೆ ಗ್ರಾಮಸಭೆಯಲ್ಲಿ ಓದಬೇಕು. ಅದೇ ಸಭೆಯಲ್ಲಿ ಮೊದಲ ಪಟ್ಟಿಯನ್ನೂ ತೆರೆದು, ಯಾವ ಕಲ್ಲು ಜಾಗ ಬಿಟ್ಟಿದೆ, ಯಾವ ಮರ ಉರುಳಿದೆ, ಯಾರ ಪರಿಹಾರ ಬಾಕಿ ಇದೆ ಎಂದು ಗುರುತು ಹಾಕಿಕೊಂಡು, ಬಾಕಿ ಇದ್ದಲ್ಲಿ ಅದು ತೀರುವವರೆಗೆ ಹೊಸ ಮನೆಗಳಿಗೆ ಅತಿಥಿಗಳನ್ನು ಕೊಡುವುದನ್ನು ತಡೆಹಿಡಿಯಬೇಕು.