ಟ್ರಾನ್ಸ್‌ಪ್ಲಾಂಟ್ ಆಗಿ ಊರಿಗೆ ಬಂದ ಮೇಲೆ ಪ್ಲೇಟ್‌ಲೆಟ್ ಏರುವವರೆಗೆ ಏನು ಮಾಡಬೇಕು

ಅಪ್ಪಯ್ಯನಿಗೆ ಮೈಲೋಮ, ಅಂದರೆ ಮೂಳೆ ಮಜ್ಜೆಯ ಒಂದು ಕ್ಯಾನ್ಸರ್. ಬೆಂಗಳೂರಿನಲ್ಲಿ ಅವರದೇ ಸ್ಟೆಮ್ ಸೆಲ್ (ರಕ್ತ ಹುಟ್ಟಿಸುವ ಮೂಲ ಕಣ) ತೆಗೆದಿಟ್ಟು, ಜೋರು ಕೀಮೋ ಕೊಟ್ಟು, ಮತ್ತೆ ಅವರಿಗೇ ಹಾಕಿದರು. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಬರುವಾಗ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ, 38,000. ಎಲ್ಲರಿಗೂ ಒಂದೂವರೆ ಲಕ್ಷದ ಮೇಲೆ ಇರಬೇಕು, ಅಲ್ವಾ? ಹೆದರಿಕೆ ಆಗಿಯೇ ಆಯಿತು. ಆಮೇಲೆ ಅರ್ಥವಾದದ್ದು ಇಷ್ಟು: ನಂಬರ್ ಏರಿಸುವುದು ನಮ್ಮ ಕೈಯಲ್ಲಿಲ್ಲ. ಏರುವವರೆಗೆ ರಕ್ತ ಸೋರದ ಹಾಗೆ ನೋಡಿಕೊಳ್ಳುವುದು ಮಾತ್ರ ನಮ್ಮ ಕೆಲಸ.

ಬಿಳಿ ರಕ್ತಕಣ ಮೊದಲು ಬರುತ್ತವೆ, ಪ್ಲೇಟ್‌ಲೆಟ್ ಸಾಮಾನ್ಯವಾಗಿ ಆಮೇಲೆ. ತಮ್ಮದೇ ಸೆಲ್ ಆದರೆ ಎರಡು ಮೂರು ವಾರದಲ್ಲಿ 20,000 ದಾಟುವುದು ರೂಢಿ, ಬೇರೆಯವರ ಸೆಲ್ ಆದರೆ ಇನ್ನೂ ತಡ. ಏಳು ದಿನ ಪ್ಲೇಟ್‌ಲೆಟ್ ಹಾಕಿಸದೆ 20,000ದ ಮೇಲೆ ನಿಂತರೆ ಸಸಿ ಬೇರು ಹಿಡಿದ ಹಾಗೆ. ಅಲ್ಲಿಂದ ಮುಂದಕ್ಕೆ ಕೆಲವರಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ರಿಪೋರ್ಟ್ ಓದುವಾಗ ಜಾಗ್ರತೆ. ಒಂದು ಲ್ಯಾಬ್‌ನವರು 0.38 ಲಕ್ಷ ಅಂತ ಬರೆದರು, ಇನ್ನೊಬ್ಬರು ಬರೀ 38. ಎರಡೂ ಒಂದೇ. ಆದಷ್ಟು ಒಂದೇ ಲ್ಯಾಬ್‌ಗೆ ಹೋಗಿ, ತಾರೀಖಿನ ಜೊತೆ ನೋಟ್‌ಬುಕ್‌ನಲ್ಲಿ ಬರೆದಿಡಿ. ಇದ್ದಕ್ಕಿದ್ದಂತೆ ಕಡಿಮೆ ಬಂದರೆ ಡಾಕ್ಟರಿಗೆ ಅವತ್ತೇ ಫೋನ್ ಮಾಡಿ: ಯಾವುದೋ ಮಾತ್ರೆ ಅಥವಾ ವೈರಸ್ ಕಾರಣ ಇರಬಹುದು, ಲ್ಯಾಬ್‌ನ ಟ್ಯೂಬಿನ ರಕ್ತದಲ್ಲಿ ಪ್ಲೇಟ್‌ಲೆಟ್ ಗುಂಪುಗಟ್ಟಿ ಮಷಿನ್ ತಪ್ಪು ಎಣಿಸಿರಲೂಬಹುದು. ಸ್ಮಿಯರ್ (ಗಾಜಿನ ಮೇಲೆ ಸವರಿದ ರಕ್ತ) ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಅದು ಗೊತ್ತಾಗುತ್ತದೆ.

ದಿನಾ ಸ್ನಾನ ಆದ ಮೇಲೆ ಬೆಳಕಿನಲ್ಲಿ ಮೊಣಕಾಲಿನ ಕೆಳಗೆ ನೋಡಿ. ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕಿ ಇದೆಯಾ? ಬೆರಳಲ್ಲಿ ಒತ್ತಿ. ಸೊಳ್ಳೆ ಕಡಿದದ್ದಾದರೆ ಬಣ್ಣ ಮಾಸುತ್ತದೆ, ಚರ್ಮದೊಳಗೆ ರಕ್ತ ಸೋರಿದ್ದಾದರೆ ಹಾಗೇ ಇರುತ್ತದೆ.

ಇನ್ನು ಕವಳ. ಅಪ್ಪಯ್ಯನಿಂದ ಇದನ್ನು ಬಿಡಿಸುವುದೇ ದೊಡ್ಡ ಕಷ್ಟ ಆಯಿತು. ಅಡಿಕೆ ಚೂರು ವಸಡನ್ನು ಗೀರುತ್ತದೆ, ಮೇಲಿಂದ ಉಗುಳೆಲ್ಲ ಕೆಂಪು, ವಸಡಿನಿಂದ ರಕ್ತ ಬಂದರೂ ತಿಳಿಯುವುದಿಲ್ಲ. ಮೃದು ಬ್ರಷ್ ಕೊಡಿ, ಬ್ಲೇಡ್ ಶೇವಿಂಗ್ ಬೇಡ. ಮೆಟ್ಟುಗತ್ತಿ ಮುಟ್ಟುವುದೂ ಬೇಡ. ತೋಟಕ್ಕಂತೂ ಬಿಡಲೇಬೇಡಿ: ಇಂಬಳ ಹತ್ತಿದರೆ ಅದರ ಎಂಜಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಉಣುಗಿನಿಂದ ಮಂಗನ ಕಾಯಿಲೆ ಬಂದರೆ ಪ್ಲೇಟ್‌ಲೆಟ್ ಇನ್ನೂ ಇಳಿಯುತ್ತದೆ. ಮಳೆಗಾಲದ ಅಂಗಳದ ಪಾಚಿ ಎಲ್ಲದಕ್ಕಿಂತ ಅಪಾಯ. ಬಿದ್ದು ತಲೆಗೆ ಪೆಟ್ಟಾಗಬಾರದು. ನಾವು ಬಚ್ಚಲಿನವರೆಗೂ ಅಡಿಕೆ ದಬ್ಬೆ ಹಾಕಿಸಿದೆವು.

ಬಂದವರೆಲ್ಲ ಪಪ್ಪಾಯಿ ಎಲೆ ರಸ ಕುಡಿಸಿ ಅಂದರು. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಡೆಂಗಿ ಬೇರೆ, ಇದು ಬೇರೆ. ಇಲ್ಲಿ ಮೂಳೆ ಮಜ್ಜೆ ಹೊಸದಾಗಿ ಕೆಲಸ ಶುರು ಮಾಡಬೇಕು. ಹಸಿ ಎಲೆ ರಸದಿಂದ ಸೋಂಕು ತಗಲಬಹುದು, ಕೊಡಬೇಡಿ. ಮೈಕೈ ನೋವಿಗೆ ಬ್ರೂಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಬೇಡ. ಡಾಕ್ಟರನ್ನು ಕೇಳದೆ ಸೊಂಟಕ್ಕೆ ಇಂಜೆಕ್ಷನ್ನೂ ಬೇಡ.

10,000ಕ್ಕಿಂತ ಇಳಿದರೆ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಹಾಕುತ್ತಾರೆ, ಜ್ವರ ಇದ್ದರೆ ಅದಕ್ಕೂ ಮೊದಲೇ. ಟ್ರಾನ್ಸ್‌ಪ್ಲಾಂಟ್ ಆದವರಿಗೆ ರೇಡಿಯೇಷನ್ ಕೊಟ್ಟ ಪ್ಲೇಟ್‌ಲೆಟ್ಟೇ ಬೇಕು, ಅದು ಎಲ್ಲಾ ಬ್ಲಡ್ ಬ್ಯಾಂಕ್‌ನಲ್ಲಿ ಸಿಗುವುದಿಲ್ಲ. ಹತ್ತಿರದಲ್ಲಿ ಎಲ್ಲಿ ಸಿಗುತ್ತದೆ ಅಂತ ಡಿಸ್ಚಾರ್ಜ್ ಆಗುವ ಮೊದಲೇ ಕೇಳಿ ಬರೆದುಕೊಳ್ಳಿ. ಪ್ಲೇಟ್‌ಲೆಟ್ ಐದು ದಿನ ಮಾತ್ರ ಇಡಬಹುದು, ಹಾಗಾಗಿ ದಾನಿಗಳ ಫೋನ್ ನಂಬರ್ ಕೈಯಲ್ಲಿರಲಿ. ಮೂರು ದಿನದೊಳಗೆ ಆಸ್ಪಿರಿನ್ ತಿಂದವರು ಆಗುವುದಿಲ್ಲ, ಮೊದಲೇ ಹೇಳಿಬಿಡಿ.

ಮೂಗಿನಲ್ಲಿ ರಕ್ತ ಬಂದರೆ ತಲೆ ಮುಂದಕ್ಕೆ ಬಗ್ಗಿಸಿ, ಮೂಗಿನ ಮೆತ್ತನೆ ಭಾಗವನ್ನು ಹತ್ತು ನಿಮಿಷ ಬಿಡದೆ ಹಿಡಿಯಿರಿ. ಆಗಲೂ ನಿಲ್ಲದಿದ್ದರೆ, ಅಥವಾ ಜೋರು ತಲೆನೋವು, ಕಣ್ಣು ಮಂಜು, ಕಪ್ಪು ಮಲ, 100.4 ಡಿಗ್ರಿ ದಾಟಿದ ಜ್ವರ ಇದ್ದರೆ, ಎಂಥ ಮಳೆ ಇದ್ದರೂ ರಾತ್ರಿಯೇ ಗಾಡಿ ಹೊರಡಿಸಿ, ದಾರಿಯಲ್ಲಿ ಟ್ರಾನ್ಸ್‌ಪ್ಲಾಂಟ್ ಡಾಕ್ಟರಿಗೆ ಫೋನ್ ಮಾಡಿ.